ಬರ್ಫಿಯೊಳಗಿನ ಕಾಫಿ

ಮೈಸೂರು
೭ ಜುಲೈ ೨೦೨೪

ಮಗಳೇ ಗಾನವಿ,

ನಿನ್ನನ್ನು ಹೈದರಾಬಾದಿನ ಮೆಹದಿಪಟ್ನಂನ ಆ ಕೋಚಿಂಗ್ ಹಾಸ್ಟೆಲಿನಲ್ಲಿ ಬಿಟ್ಟು ಬಂದ ಮೇಲೆ ಇದು ನನ್ನ ಮೊದಲ ಕಾಗದ. ಮಕ್ಕಳ ಕೈಯಿಂದ ಫೋನ್ ಕಿತ್ತಿಟ್ಟುಕೊಳ್ಳುವ ನಿಮ್ಮ ಹಾಸ್ಟೆಲಿನವರಿಗೆ ಒಂದು ರೀತಿಯಲ್ಲಿ ಥ್ಯಾಂಕ್ಸ್ ಹೇಳಬೇಕು. ಇಲ್ಲದಿದ್ದರೆ ಅಂಗಡಿಯ ಚೀಟಿ ಬಿಟ್ಟು ಬೇರೇನೂ ಬರೆಯದ ನಿನ್ನಪ್ಪ ಈ ವಯಸ್ಸಿನಲ್ಲಿ ಕಾಗದ ಬರೆಯಲು ಕೂರುತ್ತಿರಲಿಲ್ಲ. ನಿನ್ನ ಅಮ್ಮ ಪಕ್ಕದಲ್ಲೇ ನಿಂತು ನನ್ನ ಅಕ್ಷರ ನೋಡಿ ನಗುತ್ತಿದ್ದಾಳೆ.

ಅವರು ಕೊಟ್ಟ ನಿಯಮಗಳ ಹಾಳೆಯನ್ನು ಊರಿಗೆ ಬಂದು ನಿಧಾನವಾಗಿ ಓದಿದೆ. ಎನರ್ಜಿ ಡ್ರಿಂಕ್ ತರಬಾರದು, ಒಪ್ಪಿದೆ. ನಿದ್ದೆ ಬಾರದ ಹಾಗೆ ಮಾಡುವ ಮಾತ್ರೆ ಇಟ್ಟುಕೊಳ್ಳಬಾರದು, ಅದನ್ನೂ ಒಪ್ಪಿದೆ. ಅದೇ ಸಾಲಿನಲ್ಲಿ ಕಾಫಿ! ಓದಿ ಮೈಯೆಲ್ಲ ಉರಿದುಹೋಯಿತು. ಕಾಫಿಯೇನು ಕಳ್ಳಭಟ್ಟಿಯೇ? ಮೂರು ತಲೆಮಾರಿನಿಂದ ಅಗ್ರಹಾರದಲ್ಲಿ ಕಾಫಿಬೀಜ ಹುರಿದು, ಪುಡಿ ಮಾಡಿ ಮಾರುತ್ತಿರುವ ಮನೆಯ ಹುಡುಗಿಗೆ ಬೆಳಿಗ್ಗೆ ಎದ್ದರೆ ಅರ್ಧ ಲೋಟ ಟೀ ಅಂತೆ. ನಿನಗೆ ಇನ್ನೂ ಹಲ್ಲು ಬಂದಿರಲಿಲ್ಲ, ನಿನ್ನ ಅಜ್ಜಿ ಬೆರಳನ್ನು ಡಿಕಾಕ್ಷನ್‌ಗೆ ಅದ್ದಿ ನಿನಗೆ ನೆಕ್ಕಿಸುತ್ತಿದ್ದಳು. ಅದರಿಂದ ನಿನಗೇನಾಯಿತು? ಚೆನ್ನಾಗಿ ಬೆಳೆದೆ, ಚೆನ್ನಾಗಿ ಓದಿದೆ, ಡಾಕ್ಟರ್ ಆಗುತ್ತೇನೆ ಅಂತ ಹೈದರಾಬಾದಿನವರೆಗೂ ಹೋದೆ.

ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ಗಟ್ಟಿ ಡಿಕಾಕ್ಷನ್ನನ್ನು ಬಾಣಲೆಯಲ್ಲಿ ಕುದಿಸಿ ಕುದಿಸಿ ಪಾಕದ ಹಾಗೆ ಇಳಿಸಿ, ಖೋವಾ, ಸಕ್ಕರೆ ಸೇರಿಸಿ ಬರ್ಫಿ ಮಾಡಿದ್ದೇನೆ. ಮೇಲೆ ಕೋಕೋ ಪುಡಿ ಉದುರಿಸಿದ್ದೇನೆ. ಡಬ್ಬಿಯ ಮುಚ್ಚಳದ ಮೇಲೆ 'ಚಾಕಲೇಟ್ ಬರ್ಫಿ' ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಬರೆದಿದ್ದೇನೆ. ವಾರ್ಡನ್ನಿನ ತಾತ ಬಂದರೂ ಪತ್ತೆ ಹಚ್ಚಲಾರ. ನಿನ್ನ ಅಮ್ಮ ಮಾತ್ರ 'ಬೇಡ, ಮಗುವಿನ ಕೈಯಲ್ಲಿ ಸುಳ್ಳು ಕೊಟ್ಟು ಕಳಿಸಬೇಡಿ' ಎಂದು ಗೊಣಗಿದಳು. ಅವಳದು ಯಾವಾಗಲೂ ಇದ್ದದ್ದೇ.

ಹೆದರಬೇಡ, ಮನೆಮಂದಿ ಕುಡಿಯುವ ಪುಡಿಯನ್ನೇ ಹಾಕಿದ್ದೇನೆ. ಅದರಲ್ಲಿ ಚಿಕೋರಿ ಧಾರಾಳವಾಗಿದೆ. ಚಿಕೋರಿ ಅಂದರೆ ಹುರಿದ ಬೇರಿನ ಪುಡಿ ತಾನೆ, ಬಣ್ಣ ಕಹಿ ಎರಡೂ ಕೊಡುತ್ತದೆ, ತಲೆಗೆ ಏರುವುದಿಲ್ಲ. ಚೆನ್ನಾಗಿ ತಿನ್ನು, ಚೆನ್ನಾಗಿ ಓದು.

ನಿನ್ನ ದಾರಿ ನೋಡುತ್ತ ಕ್ಯಾಶ್ ಟೇಬಲ್ಲಿನ ಮುಂದೆ ಕುಳಿತಿರುವ
ಅಪ್ಪ, ನರಸಿಂಹ


ಹೈದರಾಬಾದ್
೨೧ ಜುಲೈ ೨೦೨೪

ಅಪ್ಪ,

ಬರ್ಫಿಯೂ ಬಂತು, ಕಾಗದವೂ ಬಂತು. ಇನ್ನು ಮೇಲೆ ವಾರ್ಡನ್ ಮೇಡಂ ವಿಷಯ ಬರೆಯುವಾಗ ಸ್ವಲ್ಪ ಹುಷಾರು. ತೆಲುಗು ಬಂದವರಿಗೆ ನಮ್ಮ ಅಕ್ಷರ ಓದುವುದು ಅಷ್ಟೇನೂ ಕಷ್ಟವಲ್ಲ. ಲಕೋಟೆಯ ಮೇಲಿದ್ದ ನಿನ್ನ ಹೆಸರನ್ನು ಮೇಡಂ ಅಕ್ಷರ ಕೂಡಿಸಿ ಕೂಡಿಸಿ ಓದಿಬಿಟ್ಟರು. ಪುಣ್ಯಕ್ಕೆ ಕಾಗದ ಒಡೆಯುವುದಿಲ್ಲ, ಡಬ್ಬಿ ಮಾತ್ರ ತೆರೆಸುತ್ತಾರೆ. ಮುಚ್ಚಳ ಓದಿ, ಒಳಗೆ ಒಮ್ಮೆ ಇಣುಕಿ, ಕೊಟ್ಟುಬಿಟ್ಟರು.

ನಮ್ಮ ರೂಮಿನಲ್ಲಿ ಒಂದು ಪದ್ಧತಿ ಇದೆ. ಯಾರ ಮನೆಯಿಂದ ಏನೇ ಬರಲಿ, ಮಂಚಗಳ ನಡುವೆ ಪೇಪರ್ ಹಾಸಿ ಎಲ್ಲವನ್ನೂ ಸುರಿಯಬೇಕು. ಬಚ್ಚಿಡುವ ಹಾಗಿಲ್ಲ, ಬೇಡ ಅನ್ನುವ ಹಾಗೂ ಇಲ್ಲ. ನಲ್ಗೊಂಡದ ಹರ್ಷಿತಾ ಬಾಯಿಗಿಟ್ಟ ಕೂಡಲೇ 'ಕಾಫಿ ವಾಸನೆ!' ಅಂದಳು. 'ನಮ್ಮಪ್ಪನದು ಕಾಫಿಪುಡಿ ಅಂಗಡಿ ಕಣೇ, ನಮ್ಮ ಮನೆಯ ಬಟ್ಟೆ ಬರೆಗೂ ಇದೇ ವಾಸನೆ' ಅಂದೆ. ನನ್ನ ದುಪಟ್ಟಾ ಮೂಸಿ ನೋಡಿ ಒಪ್ಪಿಕೊಂಡಳು. ನಿಜಕ್ಕೂ ದುಪಟ್ಟಾದಲ್ಲೂ ಅದೇ ವಾಸನೆ ಇತ್ತು ಅಪ್ಪ, ಮೂಸಿದಾಗ ಅಂಗಡಿ ನೆನಪಾಯಿತು.

ಇನ್ನೊಬ್ಬಳು ಸುಮಂಗಲಾ. ಇವಳ ಬಗ್ಗೆ ನಿನಗೆ ಹೇಳಲೇಬೇಕು. ಲಿಂಗಸುಗೂರು ಕಡೆಯವಳು. ಅವಳ ಅಪ್ಪ ಲಿಂಗಣ್ಣ ಗೌಂಡಿ ಕೆಲಸ, ಅಂದರೆ ಗಾರೆ ಕೆಲಸ ಮಾಡುತ್ತಾರೆ, ಅಮ್ಮ ಪಾರ್ವತೆಮ್ಮ ಏರ್‌ಪೋರ್ಟಿನಲ್ಲಿ ನೆಲ ಒರೆಸುತ್ತಾರೆ. ಈಗ ಇಲ್ಲೇ ಏರ್‌ಪೋರ್ಟಿನ ಪಕ್ಕ ಶಂಶಾಬಾದಿನಲ್ಲಿ ಮನೆ. ಇವಳು ಇಲ್ಲಿನ ಪ್ರವೇಶ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದಳು ಅಂತ ಫೀಸು ತೆಗೆದುಕೊಳ್ಳದೆ ಸೇರಿಸಿಕೊಂಡಿದ್ದಾರೆ. ಹತ್ತನೇ ಕ್ಲಾಸಿನವರೆಗೆ ಊರಿನಲ್ಲೇ ಕನ್ನಡ ಮೀಡಿಯಂ. ನನಗೆ ಫಿಸಿಕ್ಸಿನ ರಾಟೆಯ ಲೆಕ್ಕ ತಲೆಗೇ ಹತ್ತುತ್ತಿರಲಿಲ್ಲ. 'ಹಗ್ಗ ಒಂದ ಐತಿಲ್ಲ? ಹಂಗಾರ ಎಳತಾನೂ ಎಲ್ಲಾ ಕಡೆ ಒಂದ ಇರತೈತಿ. ಇಷ್ಟ ಹಿಡಕೊಂಡು ಕುಂದ್ರು, ಉಳಕಿದ್ದು ತಾನ ಬರತೈತಿ' ಅಂದಳು. ಬಂತು! ನಾಲ್ಕು ಸಲ ಕೇಳಿದರೂ ಬೇಸರವಿಲ್ಲ, 'ಇಷ್ಟೂ ಗೊತ್ತಿಲ್ಲವಾ' ಎಂಬ ಮುಖವಿಲ್ಲ. ಡಾಕ್ಟರ್ ಆಗಬೇಕಾದವಳು ಅಂದರೆ ಇವಳು. ನಾವೆಲ್ಲ ಸುಮ್ಮನೆ ಸಾಲಿನಲ್ಲಿ ನಿಂತಿದ್ದೇವೆ.

ಅವಳಿಗೆ ದಮ್ಮು ಇದೆ. ಧೂಳು ಕಂಡರೆ ಕೆಮ್ಮುತ್ತಾಳೆ, ದಿನಾ ಮಾತ್ರೆ ನುಂಗುತ್ತಾಳೆ. ಕಾಫಿ ಅವಳು ಹುಟ್ಟಿದಾಗಿನಿಂದ ಕುಡಿದೇ ಇಲ್ಲವಂತೆ. ಬರ್ಫಿ ಭಾಳ ಸೇರಿತು. 'ಇದೇನು ಹಾಕ್ಯಾರ ಇದರಾಗ?' ಅಂತ ಕೇಳಿದಳು. ಚಾಕಲೇಟ್ ಅಂದೆ. ಅವಳು ಚಾಡಿ ಹೇಳುವವಳಲ್ಲ, ಆದರೆ ಹರ್ಷಿತಾ ಅಲ್ಲೇ ಇದ್ದಳು, ಅವಳಿಗೆ ಬಾಯಿ ನಿಲ್ಲುವುದಿಲ್ಲ.

ಡಬ್ಬಿ ಖಾಲಿಯಾಗಿದೆ. ದೊಡ್ಡ ಪರೀಕ್ಷೆ ಹತ್ತಿರ ಬರುತ್ತಿದೆ. ಮುಂದಿನ ಸಲ ಇನ್ನೂ ಸ್ವಲ್ಪ ಸ್ಟ್ರಾಂಗ್ ಮಾಡು. ಇದು ನನಗೆ ಏನೂ ಸಾಲಲಿಲ್ಲ.

ಅಮ್ಮನಿಗೆ ಮುತ್ತು. ನಿನಗೂ ಒಂದು.
ಗಾನವಿ


ಮೈಸೂರು
೪ ಆಗಸ್ಟ್ ೨೦೨೪

ನನ್ನ ಮುದ್ದು ಡಾಕ್ಟರಮ್ಮ,

ಏನೂ ಸಾಲಲಿಲ್ಲವೇ? ಹಾಗೆ ಬರೆದು ನನ್ನ ಮರ್ಯಾದೆಗೇ ಕೈ ಹಾಕಿದೆ. ಈ ಸಲ ಚಿಕೋರಿ ಚೂರೂ ಇಲ್ಲ. ಬರೀ ಕಾಫಿ, ಅದೂ ನಮ್ಮಲ್ಲಿ ಕಡಕ್ ಕಾಫಿಯ ಗಿರಾಕಿಗಳಿಗೆ ಮಾತ್ರ ಕೊಡುವ ಬೀಜ. ಡಿಕಾಕ್ಷನ್ ಇಳಿಸಿ, ಅದೇ ಡಿಕಾಕ್ಷನ್ನನ್ನು ಹೊಸ ಪುಡಿಯ ಮೇಲೆ ಮತ್ತೆ ಸುರಿದು ಇಳಿಸಿದ್ದೇನೆ. ಕಪ್ಪು ಅಂದರೆ ಕಪ್ಪು. ಪಕ್ಕದ ಬೇಕರಿಯ ವೀರಭದ್ರಪ್ಪ ಒಂದು ತುಂಡು ತಿಂದು, 'ಏನ್ರೀ ನರಸಿಂಹಯ್ಯ, ಇದು ಬರ್ಫಿನೋ ಪಟಾಕಿನೋ' ಅಂದ. ಹೊಗಳಿದ ಅಂತಲೇ ತೆಗೆದುಕೊಂಡೆ.

ನಿನ್ನ ಸುಮಂಗಲೆಯ ವಿಷಯ ಓದಿ ತುಂಬ ಸಂತೋಷವಾಯಿತು. ಅಂಗಡಿಗೆ ಬಂದವರಿಗೆಲ್ಲ ಆ ರಾಟೆಯ ಕಥೆ ಹೇಳಿದೆ. ಅಂಥ ಹುಡುಗಿಯ ಪಕ್ಕದ ಮಂಚ ಸಿಕ್ಕಿದ್ದು ನಿನ್ನ ಅದೃಷ್ಟ. ಅವಳಿಗೆ ಅಂತ ಎರಡು ಸಾಲು ಜಾಸ್ತಿಯೇ ಇಟ್ಟಿದ್ದೇನೆ. ನಮ್ಮಪ್ಪ ಕೊಟ್ಟದ್ದು ಅಂತ ಹೇಳು. ಕಾಫಿ ಕಾಣದ ಹುಡುಗಿಗೆ ಮೈಸೂರಿನ ಕಾಫಿಯ ರುಚಿ ಗೊತ್ತಾಗಲಿ, ಹೆಸರು ಗೊತ್ತಾಗದಿದ್ದರೂ.

ಅಮ್ಮ ಮುರುಕು ಇಟ್ಟಿದ್ದಾಳೆ. ಅದರ ಡಬ್ಬಿಯ ಮೇಲೆ ಬೇಕೆಂದೇ 'ಮುರುಕು' ಎಂದು ಬರೆದಿದ್ದಾಳೆ. ನನಗೆ ಚುಚ್ಚಲು.

ಅಪ್ಪ


ಹೈದರಾಬಾದ್
೧ ಸೆಪ್ಟೆಂಬರ್ ೨೦೨೪

ಅಪ್ಪ,

ಪ್ರಿನ್ಸಿಪಾಲರು ನಿನಗೆ ಫೋನ್ ಮಾಡಿದ್ದಾರಂತೆ, ನೀನು ಹೊರಟು ಬರುತ್ತೀಯಂತೆ. ಈ ಕಾಗದ ನಿನ್ನ ಕೈ ಸೇರುವುದರೊಳಗೆ ನೀನೇ ಇಲ್ಲಿರುತ್ತೀಯೇನೋ. ಆದರೂ ಬರೆಯುತ್ತೇನೆ. ಎದುರಿಗೆ ನಿಂತರೆ ನನಗೆ ಅಳು ಬರುತ್ತದೆ, ನೀನೂ ಅಳುತ್ತೀಯ, ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತದೆ.

ಎರಡನೇ ಡಬ್ಬಿ ಬಂದ ಮೇಲೆ ಸುಮಂಗಲಾ ದಿನಾ ತಿನ್ನುತ್ತಿದ್ದಳು. 'ನಿದ್ದೀನ ಬರವಲ್ದು ನೋಡು, ಓದೂದು ಭಾಳ ಆಗಾಕತ್ತೈತಿ' ಅಂತ ಖುಷಿಯಾಗಿದ್ದಳು. ಕೈ ಸ್ವಲ್ಪ ನಡುಗುತ್ತಿತ್ತು. ಪರೀಕ್ಷೆಯ ಭಯ ಅಂದುಕೊಂಡೆವು. ನನಗೆ ಒಳಗೊಳಗೇ ಹೆಮ್ಮೆ, ಅಪ್ಪನ ಬರ್ಫಿಯಿಂದ ಸುಮಂಗಲಾ ಫಸ್ಟ್ ಬರುತ್ತಾಳೆ ಅಂತ. ಗುರುವಾರ ಮಧ್ಯಾಹ್ನ ಪರೀಕ್ಷೆ. ಊಟ ಬಿಟ್ಟು ಓದುತ್ತ ಕೂತಿದ್ದಳು. ಹಸಿವಿಗೆ ಡಬ್ಬಿಯಲ್ಲಿ ಉಳಿದಿದ್ದ ಬರ್ಫಿಯನ್ನೆಲ್ಲ ನಾನೇ ಅವಳ ಮುಂದೆ ಇಟ್ಟೆ.

ಪರೀಕ್ಷೆ ಅರ್ಧ ಮುಗಿದಿತ್ತು. ಅವಳ ಪೆನ್ನು ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಅಲ್ಲೇ ವಾಂತಿ ಮಾಡಿಕೊಂಡಳು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಚೂಡಿದಾರದ ಮೇಲಿಂದಲೇ ಕಾಣುತ್ತಿತ್ತು ಅಪ್ಪ. ಏದುಸಿರು, ಬೆವರು. ವಾರ್ಡನ್ ಮೇಡಂ, ನಾನು, ಹರ್ಷಿತಾ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವಳಿಗೆ ದಮ್ಮು ಇದೆ ಅಂತ ಮೇಡಂ ಹೇಳಿದ್ದೇ ತಡ, ದಮ್ಮು ಜಾಸ್ತಿಯಾಗಿದೆ ಅಂತ ಡಾಕ್ಟರ್ ಇಂಜೆಕ್ಷನ್ ತರಲು ಹೇಳಿದರು. ಆಮೇಲೆ ಏನು ತಿಂದಿದ್ದಾಳೆ ಅಂತ ಕೇಳಿದರು. 'ಏನೂ ಇಲ್ಲ, ಚಾಕಲೇಟ್ ಬರ್ಫಿ ಅಷ್ಟೇ' ಅಂದಳು ಹರ್ಷಿತಾ. ನರ್ಸ್ ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದಳು.

ಆಗ ನನಗೆ ಏನೇನೋ ಅನಿಸಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಡಬ್ಬಿಯೂ ಖಾಲಿ. ಹೇಳಿದರೆ ನನ್ನ ಸೀಟು ಹೋಗುತ್ತದೆ, ನಿನ್ನ ಹೆಸರೂ ಹೋಗುತ್ತದೆ. ಇಷ್ಟೆಲ್ಲ ಯೋಚಿಸಿದೆ ಅನ್ನುವುದೇ ಈಗ ಅಸಹ್ಯವಾಗುತ್ತಿದೆ. ಬಾಯಿ ತೆರೆದೆ. 'ಸರ್, ಅದು ಚಾಕಲೇಟ್ ಅಲ್ಲ, ಕಾಫಿ. ಗಟ್ಟಿ ಕಾಫಿಯನ್ನು ಕುದಿಸಿ ಮಾಡಿದ್ದು. ತುಂಬಾ ತಿಂದಿದ್ದಾಳೆ. ಇವಳಿಗೆ ಅಭ್ಯಾಸ ಇಲ್ಲ' ಅಂದೆ. ಡಾಕ್ಟರ್ ನರ್ಸಿನ ಕೈ ಹಿಡಿದು ನಿಲ್ಲಿಸಿದರು.

ಅವಳು ನುಂಗುವ ಮಾತ್ರೆಯೂ ಕಾಫಿಯ ಸತ್ವವೂ ಒಂದೇ ವಂಶದವಂತೆ. ಎರಡೂ ಸೇರಿದರೆ ಮೈಯಿಂದ ಬೇಗ ಇಳಿದು ಹೋಗುವುದಿಲ್ಲವಂತೆ, ಹೃದಯವನ್ನು ಓಡಿಸುತ್ತಲೇ ಇರುತ್ತವಂತೆ. ಕೊಡಲು ಹೊರಟಿದ್ದ ಇಂಜೆಕ್ಷನ್ ಕೂಡ ಅದೇ ವಂಶದ್ದು. ಅದೂ ಸೇರಿದ್ದರೆ ಏನಾಗುತ್ತಿತ್ತು ಅಂತ ಡಾಕ್ಟರ್ ನನಗೆ ಹೇಳಲಿಲ್ಲ. ಅವರ ಮುಖ ನೋಡಿ ನಾನೂ ಕೇಳಲಿಲ್ಲ.

ಈಗ ಅವಳು ಪರವಾಗಿಲ್ಲ. ಎದೆಬಡಿತ ಇಳಿದಿದೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಪ್ಪ. ಸ್ಟ್ರಾಂಗ್ ಮಾಡು ಅಂದವಳು ನಾನೇ. ಅವಳು ಕೇಳಿದಾಗ ಸುಳ್ಳು ಹೇಳಿದವಳೂ ನಾನೇ. ಕೋಚಿಂಗಿನವರು ನನ್ನನ್ನು ಕಳಿಸಿದರೆ ಕಳಿಸಲಿ. ಆದರೆ ಅವಳು ಇನ್ನೂ ನನ್ನ ಜೊತೆ ಮಾತಾಡಿಲ್ಲ. ಅದೊಂದನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ಗಾನವಿ


ಮೈಸೂರು
೧೨ ಸೆಪ್ಟೆಂಬರ್ ೨೦೨೪

ಮಗಳೇ,

ಅಲ್ಲಿಂದ ಬಂದ ಮೇಲೆ ಅಂಗಡಿಯಲ್ಲಿ ಕೂತರೂ ಮನಸ್ಸು ನಿಲ್ಲುತ್ತಿಲ್ಲ. ಪ್ರಿನ್ಸಿಪಾಲರ ಕೋಣೆಯಲ್ಲಿ ನಡೆದದ್ದು ನಿನಗೆ ಗೊತ್ತು. ಕ್ಲಾಸಿಗೆ ಬರಬಹುದು, ಹಾಸ್ಟೆಲಿನಲ್ಲಿ ಮಾತ್ರ ಈ ತಿಂಗಳು ಕಳೆದ ಮೇಲೆ ಜಾಗವಿಲ್ಲ ಅಂದರು. ನ್ಯಾಯವೇ. ಅವರ ಆ ಹಾಳೆಯನ್ನು ಗೇಲಿ ಮಾಡಿದವನು ನಾನು. ಅದನ್ನು ಬರೆದವರು ಎಂಥದ್ದೋ ಒಂದನ್ನು ಕಣ್ಣಾರೆ ಕಂಡೇ ಬರೆದಿರುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಆದರೆ ಅದಕ್ಕೂ ಮೊದಲು ಆಸ್ಪತ್ರೆಯಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ರೈಲಿನಲ್ಲಿ ಬರುವಾಗ ಉದ್ದಕ್ಕೂ ಒಂದು ಮಾತು ಸಿದ್ಧ ಮಾಡಿಕೊಂಡಿದ್ದೆ. 'ನಮ್ಮ ಮನೆಯಲ್ಲಿ ಮಕ್ಕಳೂ ಕುಡಿಯುತ್ತಾರೆ, ಕಾಫಿಯೇನು ವಿಷವಲ್ಲವಲ್ಲ ತಾಯಿ' ಅಂತ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಸುಮಂಗಲೆಯ ಅಮ್ಮ ಪಾರ್ವತೆಮ್ಮ ಕೂತಿದ್ದರು. ಕೆಲಸದ ಯೂನಿಫಾರ್ಮಿನಲ್ಲೇ ಇದ್ದರು, ಕೊರಳಲ್ಲಿ ಇನ್ನೂ ಏರ್‌ಪೋರ್ಟಿನ ಗುರುತಿನ ಚೀಟಿ. ನಾನು ಗಾನವಿಯ ಅಪ್ಪ ಅಂದೆ. ಎದ್ದು ನಿಂತರು. ಸಿದ್ಧ ಮಾಡಿಕೊಂಡು ಬಂದ ಮಾತನ್ನು ನಿಜವಾಗಿಯೂ ಆಡಿಬಿಟ್ಟೆ, ಮಗಳೇ. ಬಾಯಿ ತನಗೆ ತಾನೇ ಆಡಿತು.

ಅವರು ಕೂಗಾಡಲಿಲ್ಲ. 'ಅಣ್ಣಾರ, ಕಾಫಿ ಕೊಟ್ಟೀರಿ ಅಂತ ನನಗ ಸಿಟ್ಟಿಲ್ರಿ. ನಿಮ್ಮ ಮನ್ಯಾಗ ಇದ್ದದ್ದು ಪ್ರೀತೀಲೆ ಕೊಟ್ಟೀರಿ. ಚಾಕಲೇಟ್ ಅಂತ ಬರದ ಕಳಿಸಿದ್ರಲ್ಲ, ಅದಕ್ಕ ಸಿಟ್ಟೈತಿ. ನನ್ನ ಮಗಳ ಹೊಟ್ಟಿಗೆ ಏನು ಹೊಂಟೈತಿ ಅನ್ನೂದು ಆಕಿಗೆ ಗೊತ್ತಾಗಬಾರದೇನ್ರಿ?' ಅಂದರು. ಮತ್ತೆ ಅವರೇ ಅಂದರು, 'ನಿಮ್ಮ ಹುಡುಗಿ ಬಾಯಿ ಬಿಟ್ಟಿದ್ದಕ್ಕ ಆ ಸೂಜಿ ನಿಂತತಿ ಅಂತ ಡಾಕ್ಟರ್ ಹೇಳ್ಯಾರ. ಅದನ್ನೂ ನಾ ಮರೆಯಂಗಿಲ್ಲ.' ಮಗಳು ಸಾವಿನ ಹತ್ತಿರ ಹೋಗಿ ಬಂದ ಹೊತ್ತಿನಲ್ಲೂ ನಮ್ಮ ತಪ್ಪನ್ನೂ ನಿನ್ನ ಒಳ್ಳೆಯದನ್ನೂ ಬೇರೆ ಬೇರೆ ಇಟ್ಟು ನೋಡಿದರಲ್ಲ ಆ ತಾಯಿ. ನಾನು ಕೈಮುಗಿದೆ. ನಾಟಕಕ್ಕಲ್ಲ, ತಾನಾಗಿ ಮುಗಿಯಿತು.

ನಿನ್ನ ವಿಷಯದಲ್ಲಿ ನನಗೆ ಎಷ್ಟು ಹೆಮ್ಮೆ ಅಂತ ಎದುರಿಗೆ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ನಾನು ಕಲಿಸಿದ ಸುಳ್ಳನ್ನು ನೀನು ಒಡೆದೆ. ಸೀಟು ಹೋದರೂ ಸರಿ ಎಂದು ಒಡೆದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಒಂದು ನಿಮಿಷ ಸುಮ್ಮನಿರುತ್ತಿದ್ದೆನೋ ಏನೋ.

ಕಾಫಿಯ ಮೇಲೆ ನನಗೆ ಸಿಟ್ಟು ಬಂದಿಲ್ಲ, ಬರುವುದೂ ಇಲ್ಲ. ಆದರೆ ಈಗ ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ದಪ್ಪಗೆ ಬರೆಸುತ್ತಿದ್ದೇನೆ. ಹೊಸಬರು ಬಂದರೆ ಮನೆಯಲ್ಲಿ ಬಸುರಿ ಇದ್ದಾರಾ, ಹೃದಯದ ತೊಂದರೆ ಇದ್ದವರಿದ್ದಾರಾ, ದಮ್ಮಿಗೆ ಮಾತ್ರೆ ತೆಗೆದುಕೊಳ್ಳುವವರಿದ್ದಾರಾ ಎಂದು ಕೇಳುತ್ತೇನೆ, ಡಾಕ್ಟರನ್ನು ಕೇಳಿ ಕುಡಿಯಿರಿ ಅನ್ನುತ್ತೇನೆ. ಮೊನ್ನೆ ಒಬ್ಬರು 'ಪುಡಿ ಮಾರ್ತೀರೋ ಜಾತಕ ನೋಡ್ತೀರೋ' ಎಂದು ರೇಗಿ ಹೋದರು. ಹೋಗಲಿ ಬಿಡು. ನಿನ್ನ ಅಮ್ಮ ಅದನ್ನು ಕೇಳಿ ನನಗೆ ಒಂದು ಲೋಟ ಕಾಫಿ ತಂದುಕೊಟ್ಟಳು.

ಈಗ ಮುಖ್ಯ ವಿಷಯ. ಹಾಸ್ಟೆಲ್ ಬಿಟ್ಟ ಮೇಲೆ ನಿನಗೆ ಇರಲು ಅಲ್ಲೇ ಸುಲ್ತಾನ್ ಬಜಾರಿನ ಹತ್ತಿರ ಒಂದು ಪಿ.ಜಿ. ನೋಡಿಟ್ಟು ಬಂದಿದ್ದೆ. ನಿನ್ನೆ ಪಾರ್ವತೆಮ್ಮ ಫೋನ್ ಮಾಡಿದ್ದರು. ಸುಮಂಗಲೆಯನ್ನು ಕೆಲವು ತಿಂಗಳು ಮನೆಯಿಂದಲೇ ಕ್ಲಾಸಿಗೆ ಕಳಿಸುತ್ತಾರಂತೆ. 'ನಿಮ್ಮ ಹುಡುಗೀನೂ ನಮ್ಮ ಮನ್ಯಾಗ ಇರಲಿ ಬಿಡ್ರಿ, ಇಬ್ಬರೂ ಕೂಡಿ ಬಸ್ಸಿಗೆ ಹೋಗಿ ಬರತಾರ' ಅಂದರು. ನಿನ್ನನ್ನು ಕೇಳಿ ಹೇಳುತ್ತೇನೆ ಅಂದೆ. ನಾನಾಗಿದ್ದರೆ ಆ ಮನೆಯ ಹೊಸ್ತಿಲು ದಾಟಲು ಮುಖ ಇರುತ್ತಿರಲಿಲ್ಲ. ನಿರ್ಧಾರ ನಿನ್ನದು. ಪಿ.ಜಿ.ಯವರಿಗೆ ಇನ್ನೂ ಏನೂ ಹೇಳಿಲ್ಲ.

ನಿನ್ನವನೇ ಆದ
ಅಪ್ಪ


ಶಂಶಾಬಾದ್
೬ ಅಕ್ಟೋಬರ್ ೨೦೨೪

ಅಪ್ಪ,

ಈಗ ಕೈಗೆ ಫೋನ್ ಬಂದಿದೆ, ಆದರೂ ಕಾಗದ ಬರೆಯುತ್ತಿದ್ದೇನೆ. ನಿನ್ನೆ ಫೋನಿನಲ್ಲಿ 'ಚೆನ್ನಾಗಿದ್ದೀನಿ' ಬಿಟ್ಟರೆ ಬೇರೇನೂ ಹೇಳಲಿಕ್ಕೆ ಆಗಲಿಲ್ಲವಲ್ಲ, ಅದಕ್ಕೆ.

ಪಾರ್ವತೆಮ್ಮನ ಮನೆಗೆ ಬಂದ ದಿನ ಬಾಗಿಲಲ್ಲೇ ಬ್ಯಾಗು ಹಿಡಿದು ನಿಂತುಬಿಟ್ಟಿದ್ದೆ. ಒಳಗೆ ಕಾಲಿಡಲು ಆಗಲೇ ಇಲ್ಲ. ಲಿಂಗಣ್ಣ ಮಾವ ಬ್ಯಾಗು ಇಸಕೊಂಡು ಒಳಗೆ ಇಟ್ಟು, 'ಬಾರವ್ವ, ಬಾಗಲದಾಗ ನಿಂತ್ರ ಗಾಳಿ ಬರಂಗಿಲ್ಲ' ಅಂದರು, ಅಷ್ಟೇ. ಅವರದು ಎರಡು ಕೋಣೆಯ ಬಾಡಿಗೆ ಮನೆ. ತಲೆಯ ಮೇಲೆ ವಿಮಾನ ಹೋಗುವಾಗ ಮಾತು ನಿಲ್ಲಿಸಿ, ಹೋದ ಮೇಲೆ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಶುರು ಮಾಡುತ್ತಾರೆ. ನನಗೂ ಅಭ್ಯಾಸವಾಗುತ್ತಿದೆ.

ಸುಮಂಗಲಾ ಮಾತಾಡುತ್ತಿದ್ದಳು, ಆದರೆ ಎಷ್ಟು ಬೇಕೋ ಅಷ್ಟೇ. ಬಸ್ಸು ಬಂತು, ಪುಸ್ತಕ ಕೊಡು, ಫ್ಯಾನ್ ಹಾಕು. ಕ್ಷಮಿಸು ಅಂತ ನಾನು ಬೇಕಾದಷ್ಟು ಸಲ ಹೇಳಿದ್ದೆ. 'ಆತು ಬಿಡು' ಅನ್ನುತ್ತಿದ್ದಳು. ಆಗಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅವಳ ಮೇಲೆ ನನಗಿದ್ದ ಗೌರವ ಇದರಿಂದ ಇನ್ನೂ ಹೆಚ್ಚಾಯಿತು ಅಪ್ಪ. ಇಲ್ಲದ ನಗುವನ್ನು ಅವಳು ನನ್ನ ಸಮಾಧಾನಕ್ಕೆ ಅಂತ ಒಂದು ದಿನವೂ ನಗಲಿಲ್ಲ.

ಮೊನ್ನೆ ಪಾರ್ವತೆಮ್ಮನಿಗೆ ಮಧ್ಯಾಹ್ನದ ಪಾಳಿ ಬಂತು. ಹೊರಡುವ ಮುಂಚೆ ನನ್ನನ್ನು ಅಡುಗೆಮನೆಗೆ ಕರೆದು, ಹಿಟ್ಟು ಎಲ್ಲಿದೆ, ಖಾರ ಎಲ್ಲಿದೆ ಎಲ್ಲ ತೋರಿಸಿದರು. 'ಸಂಜಿ ಅಡಗಿ ನೀನ ಮಾಡವ್ವ. ಸುಮಂಗಲಾಗ ನೀನ ಉಣ್ಣಾಕ ಕೊಡು' ಅಂದರು. ನಾನು, 'ನಾನಾ, ಅತ್ತಿ?' ಅಂದೆ. 'ಮತ್ತ್ಯಾರು? ಮನ್ಯಾಗ ನೀನ ಅದೀಯಲ್ಲ' ಅಂತ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಅವರು ಹೋದ ಮೇಲೆ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ನನ್ನಿಂದಾಗಿ ಅವರ ಮಗಳು ಆಸ್ಪತ್ರೆ ಸೇರಿದ್ದಳು ಅಪ್ಪ. ಅವಳ ಊಟವನ್ನೇ ನನ್ನ ಕೈಗೆ ಕೊಟ್ಟು ಹೋದರು.

ಅನ್ನ, ಬೇಳೆ, ಬದನೆಕಾಯಿ ಪಲ್ಯ ಮಾಡಿದೆ. ರೊಟ್ಟಿ ಬಡಿಯಲು ಹೋಗಿ ಎರಡು ಹರಿದವು, ಒಂದು ಉಳಿಯಿತು. ಸುಮಂಗಲಾ ಬಂದು ಕೂತಳು. ತಾಟು ಇಟ್ಟೆ. ಬಡಿಸುವ ಮುಂಚೆ ಸೌಟು ಕೆಳಗಿಟ್ಟೆ. 'ಬೇಳೆಯಲ್ಲಿ ಟೊಮೆಟೊ ಹಾಕಿದ್ದೀನಿ, ಬೆಳ್ಳುಳ್ಳಿ, ಒಗ್ಗರಣೆಗೆ ಇಂಗು. ಪಲ್ಯಕ್ಕೆ ಶೇಂಗಾ ಪುಡಿ, ಹುಣಸೆಹಣ್ಣು, ಎಣ್ಣೆ...' ಎಂದು ಒಂದೊಂದಾಗಿ ಹೇಳತೊಡಗಿದೆ. ಉಸಿರು ಬಿಡದೆ ಹೇಳುತ್ತಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಉಪ್ಪಿನವರೆಗೂ ಕೇಳಿದಳು, ನಡುವೆ ಒಂದು ಸಲವೂ ತಡೆಯಲಿಲ್ಲ.

ಮುಗಿದ ಮೇಲೆ ತಾಟನ್ನು ನನ್ನ ಕಡೆಗೆ ಸರಿಸಿದಳು.

'ಹಸದೀನಿ' ಅಂದಳು. 'ನೀಡು.'

ಗಾನವಿ